ನಮ್ಮ ಭಾವನ ಎಡಗೈ

ನಮ್ಮ ಭಾವ ನಾಗರಾಜಪ್ಪನವರ ಬಲಗೈ ಈಗ ನಡುಗುವುದಿಲ್ಲ. ತುಂಬಿದ ಲೋಟವನ್ನು ತುಟಿಯವರೆಗೆ ಒಯ್ದರೂ ಒಂದು ಹನಿ ಚೆಲ್ಲುವುದಿಲ್ಲ. ನಿಟ್ಟುವಳ್ಳಿಯ ಅವರ ಓಣಿಯಲ್ಲಿ ಇದನ್ನು ಪವಾಡವೆಂದೇ ಹೇಳುತ್ತಾರೆ. ಆ ಪವಾಡ ಮಾಡಿಸಿಕೊಂಡು ಬಂದವನು ನಾನೆಂದು ನನ್ನನ್ನೂ ಹೊಗಳುತ್ತಾರೆ. ಆದರೆ ಅವರಿಗೆ ಬೇಕಾಗಿದ್ದದ್ದು ಎಡಗೈ. ಅದು ನನಗೆ ತಿಳಿಯಬೇಕಿತ್ತು. ತಿಳಿಯುವಷ್ಟು ಹತ್ತಿರದವನೇ ನಾನು. ಒಂದು ಮಾತು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ನನ್ನದು. ನನ್ನ ಹೆಸರು ಶಿವಕುಮಾರ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಸುತ್ತಮುತ್ತ ನರ್ಸಿಂಗ್ ಹೋಮುಗಳು. ಡಾಕ್ಟರುಗಳ ಕೈಬರಹ ಓದಿ ಓದಿ ನಾನೂ ಅರ್ಧ ಡಾಕ್ಟರೇ ಎಂಬ ಭ್ರಮೆ ಹಿಡಿದು ಬಹಳ ಕಾಲವಾಯಿತು. ನಮ್ಮ ಬಳಗದಲ್ಲಿ ಯಾರಿಗೆ ಕಾಯಿಲೆಯಾದರೂ ಆಸ್ಪತ್ರೆಗೆ ಜೊತೆಯಲ್ಲಿ ನಾನಿರಬೇಕು. ಡಾಕ್ಟರು ರೋಗಿಯನ್ನು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡುತ್ತೇನೆ. ಎಷ್ಟು ದಿನದಿಂದ ಜ್ವರ, ಊಟ ಸೇರುತ್ತದೋ ಇಲ್ಲವೋ, ನೋವು ಚುಚ್ಚುತ್ತದೋ ಹಿಂಡುತ್ತದೋ, ಎಲ್ಲ ನನ್ನ ಬಾಯಿಂದಲೇ. ರೋಗಿ ಪಕ್ಕದ ಕುರ್ಚಿಯಲ್ಲಿ ನನ್ನ ಮುಖ ನೋಡುತ್ತಾ ಕೂತಿರುತ್ತಾನೆ. ಇದನ್ನು ಯಾರೂ ತಪ್ಪೆಂದವರಲ್ಲ. ನಮ್ಮ ಕಡೆ ತಿಳಿದವನು ಮಾತಾಡುತ್ತಾನೆ, ಕಾಯಿಲೆಯವನು ಸುಮ್ಮನಿರುತ್ತಾನೆ.

ಭಾವ ಮೊದಲಿನಿಂದಲೂ ಸುಮ್ಮನಿರುವ ಮನುಷ್ಯ. ಹುಟ್ಟಿದ್ದು ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ. ಮನೆಯಲ್ಲಿ ಭತ್ತದ ಗದ್ದೆ, ಅದನ್ನು ನೋಡಿಕೊಳ್ಳಲು ಇಬ್ಬರು ಅಣ್ಣಂದಿರು. ಇವರು ಐಟಿಐ ಮುಗಿಸಿ ಹರಿಹರದ ಒಂದು ದೊಡ್ಡ ಕಾರ್ಖಾನೆ ಸೇರಿದರು. ಅಲ್ಲಿ ಅವರದು ಅಳತೆಯ ಕೆಲಸ. ಲೇತ್ ಯಂತ್ರದಿಂದ ಇಳಿದು ಬಂದ ಉಕ್ಕಿನ ಬಿಡಿಭಾಗವನ್ನು ಮೈಕ್ರೋಮೀಟರಿನ ಬಾಯಲ್ಲಿ ಹಿಡಿದು, ಕೂದಲೆಳೆಯ ಹತ್ತನೇ ಒಂದು ಪಾಲು ಹೆಚ್ಚೋ ಕಡಿಮೆಯೋ ಹೇಳಬೇಕು. ಎಡಗೈಯಲ್ಲಿ ಬಿಡಿಭಾಗ, ಬಲಗೈಯಲ್ಲಿ ಮೈಕ್ರೋಮೀಟರು. ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದರೆ ಉಕ್ಕಿಗೆ ತಾಗಿಯೂ ತಾಗದ ಹಾಗೆ ಅದು ನಿಲ್ಲುತ್ತಿತ್ತು. ನಾಗರಾಜಪ್ಪ ಸರಿ ಎಂದದ್ದನ್ನು ಇನ್ನೊಬ್ಬರು ಅಳೆದು ನೋಡುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಅವರ ಜೊತೆ ಕೆಲಸ ಮಾಡುತ್ತಿದ್ದ ಅಮ್ಜದ್. ಭಾವ ತಮ್ಮ ಬಗ್ಗೆ ತಾವು ಇಷ್ಟು ಹೇಳಿಕೊಳ್ಳುವವರಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಇಬ್ಬರೂ ಸೇರಿ ಹರಿಹರದಲ್ಲೇ ಒಂದು ಶೆಡ್ಡು ಹಿಡಿದರು. ಅಮ್ಜದ್ ಲೇತಿಗೆ, ಭಾವ ಅಳತೆಗೆ. ನಿಟ್ಟುವಳ್ಳಿಯಲ್ಲಿ ಚಿಕ್ಕದೊಂದು ಮನೆ ಕಟ್ಟಿಕೊಂಡು, ಬೆಳಗ್ಗೆ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಸಂಜೆ ವಾಪಸ್ಸು. ಹೋಗುವ ಮೊದಲು ಸ್ನಾನ, ಲಿಂಗಪೂಜೆ. ನಮ್ಮ ಅಕ್ಕ ಅನ್ನಪೂರ್ಣಮ್ಮನನ್ನು ಮದುವೆಯಾದ ಈ ನಲವತ್ತು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿದ್ದನ್ನು ನಾನು ಕೇಳಿಲ್ಲ. ಮಣೆ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿ ಎಡ ಅಂಗೈಯೇ ಲಿಂಗಕ್ಕೆ ಪೀಠ. ನೀರೆರೆಯುವುದು, ಪತ್ರೆ ಏರಿಸುವುದು ಬಲಗೈ. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಲಿಂಗವನ್ನೇ ನೋಡುತ್ತಾ ಕೂರಬೇಕು. ಭಾವ ಕೂತರೆ ಕಾಲು ಗಂಟೆ ಅಲ್ಲಾಡುತ್ತಿರಲಿಲ್ಲ.

ನಾನೂ ಲಿಂಗಧಾರಿಯೇ, ಹೆಸರಿಗೆ. ನನ್ನ ಲಿಂಗ ದೇವರ ಮನೆಯ ಗೂಡಿನಲ್ಲಿದೆ. ಶಿವರಾತ್ರಿಗೆ ತೆಗೆದು ಕೊರಳಿಗೆ ಹಾಕಿಕೊಂಡು, ಮಾರನೇ ದಿನ ಅಲ್ಲೇ ಇಡುತ್ತೇನೆ. ನಾಚಿಕೆಯಿಂದ ಹೇಳುತ್ತಿಲ್ಲ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ತಿಳಿಯಲೆಂದು ಹೇಳುತ್ತಿದ್ದೇನೆ. ಎಡಗೈಯಿಂದ ಒಬ್ಬ ಮನುಷ್ಯನಿಗೆ ಏನು ಕೆಲಸ ಎಂಬುದು ನನ್ನ ತಲೆಗೆ ಬರದೇ ಇದ್ದದ್ದು ಹೀಗೆ.

ಐವತ್ತನಾಲ್ಕನೇ ವಯಸ್ಸಿಗೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ವರ್ಷದೊಳಗೆ ಎಡಗೈ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಏನೂ ಇಲ್ಲ. ಏನಾದರೂ ಹಿಡಿಯಲು ಹೋದರೆ ಶುರು. ಓಣಿಯ ಜನ ಪಾರ್ಕಿನ್ಸನ್ ಎಂದರು, ಅಲ್ಲ. ಇದು ಬರೀ ನಡುಕದ ಕಾಯಿಲೆ, ಜೀವಕ್ಕೆ ಅಪಾಯವಿಲ್ಲ ಎಂದು ದಾವಣಗೆರೆಯ ನರರೋಗದ ಡಾಕ್ಟರು ನಿಖತ್ ಮೇಡಂ ಹೇಳಿದರು. ಜೀವಕ್ಕೆ ಅಪಾಯವಿಲ್ಲವೆಂದು ನಾನೂ ನಿಶ್ಚಿಂತೆಯಾಗಿ ಮಾತ್ರೆ ಕೊಡುತ್ತಾ ಹೋದೆ. ಒಂದು ಮಾತ್ರೆಗೆ ದಿನವಿಡೀ ತೂಕಡಿಕೆ, ಇನ್ನೊಂದಕ್ಕೆ ಉಬ್ಬಸ. ನಡುಕ ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು.

ಅಳತೆಯ ಕೆಲಸ ಹೋಯಿತು. ಮೈಕ್ರೋಮೀಟರು ಹಿಡಿದರೆ ಉಕ್ಕಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತಂತೆ. ಒಂದು ದಿನ ಅದನ್ನು ಪೆಟ್ಟಿಗೆಯಲ್ಲಿಟ್ಟು ಅಮ್ಜದರ ಮುಂದಿಟ್ಟು ಬಂದರು. ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನು ಬಿಟ್ಟರು. ಸಾರನ್ನ ಬಾಯಿಗೆ ಹೋಗುವುದರೊಳಗೆ ಅರ್ಧ ಮಡಿಲಿಗೆ. ಪಕ್ಕದವರು ನೋಡಿಯೂ ನೋಡದ ಹಾಗಿರುತ್ತಾರಲ್ಲ, ಅದನ್ನು ಅವರಿಗೆ ತಡೆಯಲಾಗುತ್ತಿರಲಿಲ್ಲ. ಅಕ್ಷತೆ ಹಾಕಿ, ಹಸಿವಿಲ್ಲವೆಂದು ಮನೆಗೆ ಬಂದು, ಬಾಗಿಲು ಹಾಕಿಕೊಂಡು ಚಮಚದಲ್ಲಿ ಉಣ್ಣುತ್ತಿದ್ದರು. ಚಹಾ ಅರ್ಧ ಲೋಟ. ಬ್ಯಾಂಕಿನಲ್ಲಿ ರುಜು ಹೊಂದುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವರು ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಹೊಸ ಮಶೀನಿನ ಸುದ್ದಿ ತಂದವನು ನಾನೇ. ನನ್ನ ಅಂಗಡಿಗೆ ಬರುವ ಔಷಧಿ ಕಂಪನಿಯ ರೆಪ್ಪೊಬ್ಬ ಹೇಳಿದ. ಬೆಂಗಳೂರಿನಲ್ಲಿ ಬಂದಿದೆ, ತಲೆ ಕೊಯ್ಯುವುದಿಲ್ಲ, ತೂತು ಹಾಕುವುದಿಲ್ಲ, ಅರಿವಳಿಕೆಯೂ ಇಲ್ಲ. ತಲೆಗೆ ಹೆಲ್ಮೆಟ್ಟಿನಂಥದ್ದೊಂದನ್ನು ಇಟ್ಟು, ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಸುತ್ತಲಿಂದ ಬಿಟ್ಟು ಮಿದುಳಿನ ಒಳಗೆ ಒಂದೇ ಚುಕ್ಕೆಯಲ್ಲಿ ಕೂಡಿಸುತ್ತಾರೆ. ಅಷ್ಟು ಜಾಗ ಕಾದು ಸುಡುತ್ತದೆ. ನಡುಕ ಹುಟ್ಟಿಸುವ ಜಾಗವೇ ಅದು. ನನಗೆ ಕೇಳಿಯೇ ರೋಮಾಂಚನ. ಅವತ್ತೇ ನಿಟ್ಟುವಳ್ಳಿಗೆ ಹೋಗಿ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಭಾವ ನೋಡಿದರು.

"ಬ್ಯಾಡ ಬಿಡು. ಈ ವಯಸ್ಸಿಗೆ ಅದೆಲ್ಲ ಯಾಕ," ಎಂದರು.

ಎರಡು ವರ್ಷ ಅದನ್ನೇ ಹೇಳಿದರು. ನಾನು ಎರಡು ವರ್ಷ ಬೆನ್ನು ಬಿಡಲಿಲ್ಲ.

ಆಮೇಲೊಂದು ಸೋಮವಾರ ಅಕ್ಕ ಫೋನು ಮಾಡಿದಳು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. "ಲಿಂಗ ಕೆಳಗೆ ಬಿತ್ತು ನೋಡೋ ಶಿವು," ಎಂದಳು, "ಇಷ್ಟು ವರ್ಷ ಹೆಂಗೋ ಸಂಭಾಳಿಸಿದ್ರು, ಇವತ್ತು ಅಂಗೈ ಮ್ಯಾಲಿಂದ ಜಾರಿ ನೆಲಕ್ಕ ಬಿತ್ತು. ಒಳಗಿದ್ದ ನನಗೆ ಸದ್ದು ಕೇಳ್ತು. ಇವರು ಬೆಳಗ್ಗಿಂದ ಒಂದು ತುತ್ತು ಮುಟ್ಟಿಲ್ಲ. ಮಾತೂ ಆಡ್ತಿಲ್ಲ." ಲಿಂಗ ಬೀಳುವುದೆಂದರೆ ನಮ್ಮ ಹಿರಿಯರಿಗೆ ಎಂಥ ಆಘಾತವೆಂಬುದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮಜ್ಜನಿಗೆ ಹಾಗಾಗಿದ್ದರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆದರೂ ನಾನು ಹೇಳಿದ್ದು, "ನಡುಕದ ಮಾತ್ರೆ ಎರಡು ಹೊತ್ತು ಕೊಡು, ಆಮೇಲೆ ಮಾಡ್ತೀನಿ ಇರು." ಆಮೇಲೆ ಮರೆತೇಬಿಟ್ಟೆ.

ಗುರುವಾರ ಭಾವನೇ ಅಂಗಡಿಗೆ ಬಂದರು. ಕೈಗಳನ್ನು ಶಲ್ಯದೊಳಗೆ ಇಟ್ಟುಕೊಂಡು ಕೌಂಟರಿನ ಮುಂದೆ ನಿಂತರು. "ಶಿವಕುಮಾರ, ನೀ ಹೇಳ್ತಿದ್ದೆಯಲ್ಲ, ಆ ಬೆಂಗ್ಳೂರಿನ ಮಶೀನು. ಅದಕ್ಕೆ ಹೆಂಗೆ ಹೋಗ್ಬೇಕು?"

ನನಗೆ ಗೆದ್ದಂತಾಯಿತು. ಯಾಕೆ ಮನಸ್ಸು ಬದಲಾಯಿತು ಎಂದು ಕೇಳಬೇಕೆನ್ನಿಸಲಿಲ್ಲ. "ಎಲ್ಲಾ ನಾನು ನೋಡ್ಕೋತೀನಿ ಭಾವ, ನೀವು ಸುಮ್ನೆ ಬರ್ರಿ. ಕೈ ನಿಲ್ತಾವೆ," ಎಂದೆ. ನಿಲ್ತಾವೆ ಎಂದೆ, ಎರಡೂ ನಿಲ್ಲುತ್ತವೆ ಎಂಬಂತೆ. ಅವರು ತಲೆಯಾಡಿಸಿ ಹೋದರು.

ನಿಖತ್ ಮೇಡಂ ಪತ್ರ ಕೊಟ್ಟರು. ಭಾವನ ಹೃದಯ ಅಷ್ಟು ಗಟ್ಟಿಯಲ್ಲ, ತಲೆ ತೂತು ಮಾಡಿ ತಂತಿ ಇಡುವ ಹಳೆಯ ಆಪರೇಷನ್ನು ತಡೆಯಲಿಕ್ಕಿಲ್ಲ, ಇದಾದರೆ ನೋಡಬಹುದು ಎಂದರು. ಬೆಂಗಳೂರಿಗೆ ನಾನು, ಅಕ್ಕ, ಭಾವ ಮೂವರೂ ಹೋದೆವು. ಅಲ್ಲಿನ ಡಾಕ್ಟರು ಉತ್ತರದ ಕಡೆಯವರು, ಕನ್ನಡ ಬರುವುದಿಲ್ಲ. ಭಾವನಿಗೆ ಇಂಗ್ಲಿಷು ಯಂತ್ರಗಳ ಹೆಸರಿನಷ್ಟೇ. ಹಾಗಾಗಿ ನಡುವೆ ನಾನು. ತಲೆಬುರುಡೆಯ ಸ್ಕ್ಯಾನ್ ನೋಡಿ ಅಲೆ ಹಾಯುತ್ತದೆ, ಮಾಡಬಹುದು ಎಂದರು. ಆಮೇಲೆ ಮುಖ್ಯವಾದ್ದನ್ನು ಹೇಳಿದರು. ಒಂದು ಸಲಕ್ಕೆ ಒಂದೇ ಕಡೆ ಸುಡುವುದು, ಆದ್ದರಿಂದ ಒಂದೇ ಕೈ ಸರಿಹೋಗುವುದು. ಇನ್ನೊಂದು ಕೈ ಒಂಬತ್ತು ತಿಂಗಳ ಮೇಲೆ, ಅದೂ ಎಲ್ಲರಿಗೂ ಆಗುತ್ತದೆಂದು ಹೇಳಲಾಗದು. "ಯಾವ ಕೈ ಬೇಕು, ಅವರನ್ನು ಕೇಳಿ," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

ಅವರನ್ನು ಕೇಳಿ ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಭಾವ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದರು. ನಾನು ಆ ಕಡೆ ತಿರುಗಲೂ ಇಲ್ಲ. ಉಣ್ಣುವ ಕೈ, ಬರೆಯುವ ಕೈ, ಇದರಲ್ಲಿ ಕೇಳುವುದೇನಿದೆ? "ಬಲಗೈ ಡಾಕ್ಟರ್," ಎಂದೆ. ಅವರು ಬರೆದುಕೊಂಡರು.

"ಏನಂತಾರೆ?" ಎಂದು ಭಾವ ಕೇಳಿದರು.

"ಎಲ್ಲಾ ಸರಿಹೋಗ್ತೈತಂತೆ," ಎಂದೆ. ಒಂದೇ ಕೈ ಎಂದು ಹೇಳಿದರೆ ಈ ಮನುಷ್ಯ ಮತ್ತೆ ಬ್ಯಾಡ ಎಂದುಬಿಟ್ಟಾರು ಎಂಬ ಹೆದರಿಕೆ ನನಗೆ. ಎರಡನೆಯದನ್ನು ಒಂಬತ್ತು ತಿಂಗಳ ಮೇಲೆ ಮಾಡಿಸಿದರಾಯಿತು, ಈಗ ಯಾಕೆ ಸುಮ್ಮನೆ ತಲೆ ಕೆಡಿಸುವುದು ಎಂದುಕೊಂಡೆ. ಒಪ್ಪಿಗೆಯ ಹಾಳೆ ಕನ್ನಡದಲ್ಲೇ ಅಚ್ಚಾಗಿತ್ತು. ಭಾವನ ಕನ್ನಡಕ ಹೊರಗೆ ಕೂತಿದ್ದ ಅಕ್ಕನ ಬ್ಯಾಗಿನಲ್ಲಿತ್ತು. ಎಲ್ಲಿ ಹಾಕಲಿ ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದ ಕಡೆ ನಡುಗುತ್ತಾ ರುಜು ಹಾಕಿದರು.

ಚಿಕಿತ್ಸೆಯ ದಿನ ಬೆಳಗ್ಗೆ ತಲೆ ನುಣ್ಣಗೆ ಬೋಳಿಸಿದರು. ಮಶೀನಿನ ಕೋಣೆಗೆ ಲೋಹ ಒಯ್ಯುವಂತಿಲ್ಲ. ಉಡಿದಾರ, ಉಂಗುರ ಎಲ್ಲ ತೆಗೆಸಿದರು. ಕರಡಿಗೆಗೆ ಕೈ ಹಾಕಿದಾಗ ಭಾವ ಹಿಂದೆ ಸರಿದರು. ಇಡೀ ಆಸ್ಪತ್ರೆಯಲ್ಲಿ ಅವರು ತಮಗೆಂದು ಬೇಡಿದ್ದು ಇದೊಂದೇ. "ಲಿಂಗ ಮೈಮ್ಯಾಲೆ ಇರಬೇಕ್ರಿ. ಏನಾರ ದಾರಿ ಐತೇನ್ರಿ?" ಅಲ್ಲಿನ ಟೆಕ್ನಿಶಿಯನ್ ನಮ್ಮ ಕಡೆಯವನೇ. ಬೆಳ್ಳಿ ಕರಡಿಗೆ ತೆಗೆಯಿರಿ, ಒಳಗಿನದನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳಿ ಎಂದು, ಆಯಸ್ಕಾಂತ ಹಿಡಿದು ನೋಡಿ ಒಪ್ಪಿದ. ಅಕ್ಕ ಬಿಳಿ ಬಟ್ಟೆಯಲ್ಲಿ ಸುತ್ತಿ ಎಡ ರಟ್ಟೆಗೆ ಬಿಗಿಯಾಗಿ ಕಟ್ಟಿದಳು. ನಾನು ಪಕ್ಕದಲ್ಲೇ ನಿಂತು ಅವರ ಉಂಗುರ ಹಿಡಿದುಕೊಂಡಿದ್ದೆ. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲವಲ್ಲ, ಎಂಥ ದಡ್ಡ ನಾನು.

ಗಾಜಿನ ಆಚೆಯಿಂದ ನನಗೆ ನೋಡಲು ಬಿಟ್ಟರು. ತಲೆಗೆ ಚೌಕಟ್ಟಿನಂಥದ್ದನ್ನು ತಿರುಪಿನಿಂದ ಬಿಗಿದು, ಸುತ್ತ ತಣ್ಣೀರು ಹರಿಸಿ, ಉದ್ದನೆಯ ಮಶೀನಿನೊಳಗೆ ಮಲಗಿಸಿದ್ದರು. ಎಚ್ಚರವಾಗಿಯೇ ಇದ್ದರು. ಒಂದೊಂದು ಸುತ್ತು ಮುಗಿದಾಗಲೂ ಡಾಕ್ಟರು ಒಳಗೆ ಹೋಗಿ ಹಲಗೆ ಹಿಡಿದು, ಬಲಗೈಗೆ ಪೆನ್ನು ಕೊಟ್ಟು ಸುರುಳಿ ಬರೆಸುತ್ತಿದ್ದರು. ಮೊದಲನೆಯದು ಗೀಚಿದ ಹಾಗಿತ್ತು, ಸುರುಳಿ ಎಂದು ಹೇಳಲೂ ಬರುತ್ತಿರಲಿಲ್ಲ. ಮೂರನೆಯದಕ್ಕೆ ಗೆರೆ ಕಾಣಿಸಿತು. ಆರನೆಯದು ಅಚ್ಚು ಹಾಕಿದಂತೆ ಬಂತು. ಹದಿಮೂರು ವರ್ಷದ ನಡುಕ ನನ್ನ ಕಣ್ಣೆದುರು ಒಂದೇ ಬೆಳಗಿನಲ್ಲಿ ನಿಂತುಹೋಯಿತು. ನಾನು ಅತ್ತುಬಿಟ್ಟೆ. ಸುಳ್ಳಲ್ಲ, ಪಕ್ಕದಲ್ಲಿದ್ದ ನರ್ಸು ಕುರ್ಚಿ ಕೊಟ್ಟಳು.

ಹೊರಗೆ ಕರೆತಂದರು. ಎಲ್ಲರೂ ಅವರ ಬಲಗೈ ನೋಡುತ್ತಿದ್ದೆವು. ಡಾಕ್ಟರು ನೀರಿನ ಲೋಟ ಕೊಟ್ಟರು, ಭಾವ ಕುಡಿದರು, ನರ್ಸುಗಳು ಚಪ್ಪಾಳೆ ತಟ್ಟಿದರು. ಭಾವನ ಮುಖದಲ್ಲಿ ನಗು ಬಂತು, ನಿಜವಾದ ನಗು. ಆಮೇಲೆ ನಿಧಾನವಾಗಿ ಎಡಗೈ ಎತ್ತಿ, ಅಂಗೈ ಮೇಲೆ ಮಾಡಿ ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಅವರು ಅದನ್ನೇ ನೋಡಿದರು.

"ಇದು?" ಎಂದು ನನ್ನನ್ನು ಕೇಳಿದರು.

"ಅದು ಆಮೇಲೆ ಭಾವ. ಒಂಬತ್ತು ತಿಂಗಳು ಬಿಟ್ಟು ಮಾಡ್ತಾರೆ. ಒಂದು ಸಲಕ್ಕೆ ಒಂದೇ ಕೈ."

"ಹೌದಾ," ಎಂದರು. ಅಷ್ಟೇ.

ಅಕ್ಕ ನನ್ನ ಮುಖ ನೋಡಿದಳು. ಲಿಂಗ ಬಿತ್ತೆಂದ ಸೋಮವಾರದ ಫೋನು ಆಗ ನೆನಪಾಯಿತು.

ದಾವಣಗೆರೆಗೆ ಬಂದ ಮೇಲೆ ಒಂದು ತಿಂಗಳು ಮನೆ ತುಂಬ ಜನ. ಬಂದವರೆಲ್ಲರಿಗೂ ಭಾವ ಲೋಟ ಎತ್ತಿ ತೋರಿಸಬೇಕು, ರುಜು ಹಾಕಿ ತೋರಿಸಬೇಕು. ಅಮ್ಜದ್ ಹರಿಹರದಿಂದ ಬಂದು ಆ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಕೆ.ಬಿ. ಬಡಾವಣೆಯ ಒಂದು ಮದುವೆಯಲ್ಲಿ ಭಾವ ಎಷ್ಟೋ ವರ್ಷದ ಮೇಲೆ ಪಂಕ್ತಿಗೆ ಕೂತರು. ಸಾರು, ಮೊಸರನ್ನ ಎಲ್ಲ ಕಲಸಿ, ತುತ್ತು ತುತ್ತಾಗಿ, ಗಡಿಬಿಡಿಯಿಲ್ಲದೆ ಉಂಡರು. ಎಡಗೈ ಶಲ್ಯದೊಳಗಿತ್ತು. ಎದುರಿಗೆ ಕೂತು ಅದನ್ನು ನೋಡಿದ ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಆ ಮಶೀನನ್ನು ನಾನು ಬೈಯಲಾರೆ. ಅದು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತು. ಹೇಳಿದವನು ನಾನು.

ಪೂಜೆಯ ಮಾತು ಅಕ್ಕನಿಂದ ತಿಳಿಯಿತು. ದಿನಾ ಮಣೆಯ ಮೇಲೆ ಕೂರುತ್ತಾರೆ, ವಿಭೂತಿ ಇಟ್ಟುಕೊಳ್ಳುತ್ತಾರೆ, ಕರಡಿಗೆ ತೆರೆಯುವುದಿಲ್ಲ. ಮುಚ್ಚಿದ ಕರಡಿಗೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಾರೆ. ಇನ್ನೊಮ್ಮೆ ಬೀಳುವುದನ್ನು ನೋಡಲಾರೆ ಎಂದು ಅವಳಿಗೆ ಹೇಳಿದ್ದಾರೆ. "ನೀ ಒಂದ್ ಮಾತು ಕೇಳ್ಬೇಕಿತ್ತಲ್ಲೋ," ಎಂದಳು ಅಕ್ಕ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನಾನೂ ಏನಾದರೂ ಒಂದು ಹೇಳಿ ಜಗಳ ಮಾಡಿ ಹಗುರಾಗುತ್ತಿದ್ದೆ.

ನಾನು ಸುಮ್ಮನೆ ಕೂರುವವನಲ್ಲ. ಹೋಗಿ ಬುದ್ಧಿ ಹೇಳಿದೆ. "ಭಾವ, ಬಲಗೈ ನೆಟ್ಟಗೈತಲ್ಲ, ಅದರ ಮ್ಯಾಲೆ ಇಟ್ಕೊಳ್ರಿ. ದೇವ್ರು ಏನ್ ಬ್ಯಾಡ ಅಂತಾನೇನು?"

"ಆಗ ನೀರು ಯಾವ ಕೈಲಿ ಹಾಕ್ಲಿ?" ಎಂದರು. ಪ್ರಯತ್ನ ಮಾಡಿ ನೋಡಿದ್ದರಂತೆ. ಎಡಗೈಯಿಂದ ನೀರು ಎರೆಯಲು ಹೋಗಿ ಎದೆಯೆಲ್ಲ ಒದ್ದೆ, ವಿಭೂತಿ ನೆಲದ ಪಾಲು. ಎಡಗೈಯಲ್ಲಿ ಪತ್ರೆ ಏರಿಸುವಾಗ ಮೈ ಮುದುಡಿದಂತಾಯಿತಂತೆ.

ಮಠಕ್ಕೆ ಕರೆದುಕೊಂಡು ಹೋದೆ. ಅಯ್ಯನವರು ಒಳ್ಳೆಯವರು. ವಯಸ್ಸಾದವರು, ಕೈಲಾಗದವರು ತಟ್ಟೆಯಲ್ಲಿ ಇಟ್ಟು ಪೂಜೆ ಮಾಡಬಹುದು, ದೋಷವಿಲ್ಲ ಎಂದರು. ಭಾವ ಅಡ್ಡಬಿದ್ದು ಬಂದರು. ನಾನು ಅವತ್ತೇ ಒಂದು ಒಳ್ಳೆಯ ಹಿತ್ತಾಳೆ ತಟ್ಟೆ ತಂದುಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ತಟ್ಟೆಯಲ್ಲಿ ಅಕ್ಕ ಬಾಳೆಹಣ್ಣು ಇಟ್ಟಿದ್ದಳು.

"ಯಾಕ ಭಾವ?"

"ಅಯ್ಯನೋರು ಹೇಳಿದ್ದು ಖರೆ ಐತೆ, ದೋಷ ಇಲ್ಲ. ಆದ್ರ ಶಿವಕುಮಾರ, ಅದರ ತೂಕ ಅಂಗೈಗೆ ಗೊತ್ತಾಗ್ಬೇಕು. ತಟ್ಟೆಗೆ ಇಟ್ರೆ ನಾನು ದೂರ ಕೂತು ನೋಡಿದಂಗೆ ಆಗ್ತೈತೆ." ನಾಲಿಗೆ ಸ್ವಲ್ಪ ದಪ್ಪವಾದಂತೆ ಮಾತು ತೊದಲುತ್ತಿತ್ತು. ಮಶೀನಿನೊಳಗೆ ಮಲಗಿದ ದಿನದಿಂದಲೇ ಹಾಗೆ. ನಡೆಯುವಾಗಲೂ ಬಲಕ್ಕೆ ಸ್ವಲ್ಪ ವಾಲುತ್ತಿದ್ದರು. ಕೆಲವು ವಾರದಲ್ಲಿ ಹೋಗುತ್ತದೆ ಎಂದಿದ್ದರು. ಪೂರ್ತಿ ಹೋಗಲಿಲ್ಲ.

ಒಂಬತ್ತು ತಿಂಗಳು ಅವರು ಯಾರನ್ನೂ ಏನೂ ಕೇಳದೆ ಕಾದರು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. ನಾನು ಮಾತ್ರ ನೋಡಿದಾಗಲೆಲ್ಲ, ಇನ್ನೇನು ಆಯ್ತು ಭಾವ, ಇನ್ನು ನಾಕೇ ತಿಂಗಳು, ಇನ್ನು ಎರಡೇ, ಎನ್ನುತ್ತಿದ್ದೆ. ಅವರಿಗಿಂತ ಹೆಚ್ಚಾಗಿ ನನಗೆ ಅದು ಬೇಕಾಗಿತ್ತು.

ಹೋದ ವಾರ ನಿಖತ್ ಮೇಡಂ ಕರೆದರು. ಅವರ ಕೋಣೆಯಲ್ಲಿ ಕೂತು ಬೆಂಗಳೂರಿನ ಡಾಕ್ಟರೊಂದಿಗೆ ವಿಡಿಯೋದಲ್ಲಿ ಮಾತಾಯಿತು. ಭಾವನನ್ನು ನಡೆಸಿ ನೋಡಿದರು, ಮಾತಾಡಿಸಿ ನೋಡಿದರು, ನೀರು ಕುಡಿಸಿ ನೋಡಿದರು. ಆಮೇಲೆ ಬೆಂಗಳೂರಿನವರು ತಲೆಯಲ್ಲಾಡಿಸಿದರು. ನಿಖತ್ ಮೇಡಂ ಲ್ಯಾಪ್‌ಟಾಪ್ ಮುಚ್ಚಿ, ನನ್ನ ಕಡೆಗಲ್ಲ, ಭಾವನ ಕಡೆ ತಿರುಗಿ ಹೇಳಿದರು.

"ಎರಡನೇ ಕಡೆ ಮಾಡೋದು ಬ್ಯಾಡ ಯಜಮಾನ್ರೆ. ಒಂದು ಕಡೆಗೇ ನಿಮ್ಮ ಮಾತು ತೊದಲ್ತಾ ಐತೆ, ನಡಿಗಿ ವಾಲೈತೆ. ಇನ್ನೊಂದು ಕಡೆ ಸುಟ್ರೆ ಮಾತೇ ನಿಲ್ಲಬಹುದು, ನುಂಗಾಕೂ ಆಗದೆ ಇರಬಹುದು. ನಾವು ಒಪ್ಪಲ್ಲ."

ನಾನು ಬಿಡಲಿಲ್ಲ. ಬೇರೆ ಆಸ್ಪತ್ರೆ ಐತೇನ್ರಿ, ಬೇರೆ ದೇಶದಲ್ಲಿ ಮಾಡ್ತಾರೇನ್ರಿ, ಆ ತಂತಿ ಹಾಕೋದನ್ನಾದ್ರೂ ಮಾಡ್ರಿ, ಎಂದು ಒಂದೇ ಸಮನೆ ಕೇಳಿದೆ. ದನಿ ಏರಿತು. ಮೇಡಂ ತಡೆದುಕೊಂಡು ಪ್ರತಿಯೊಂದಕ್ಕೂ ಇಲ್ಲ ಎಂದರು. ತಂತಿಗೆ ಹೃದಯ ತಡೆಯುವುದಿಲ್ಲ, ಮಾತಿಗೆ ಅದರಿಂದಲೂ ಅದೇ ಗಂಡಾಂತರ. ನನ್ನ ಬತ್ತಳಿಕೆ ಖಾಲಿಯಾಯಿತು. ಆಗ ಭಾವ ಬಾಯಿ ತೆರೆದರು.

"ಮೇಡಂ, ಒಂದ್ ಮಾತು ಕೇಳ್ಲೇನ್ರಿ. ಈ ಬಲಗೈನ ಮೊದ್ಲಿನಂಗೆ ನಡುಗಾಕ ಬಿಟ್ಟು, ಅದರ ಬದ್ಲಿ ಈ ಎಡಗೈ ನಿಲ್ಲಿಸಾಕ ಬರ್ತೈತೇನ್ರಿ?"

ಮೇಡಂ ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

"ಬರಲ್ಲ ಯಜಮಾನ್ರೆ. ಸುಟ್ಟ ಜಾಗ ತಿರುಗಿ ಬರಲ್ಲ. ಯಾಕ, ಎಡಗೈಲಿ ನಿಮಗೆ ಅಂಥ ಕೆಲಸ ಏನೈತೆ?"

"ಪೂಜೆಗ್ರಿ," ಎಂದು ಭಾವ ಕರಡಿಗೆ ಮುಟ್ಟಿ ತೋರಿಸಿದರು.

ಮೇಡಂ ಒಂದು ಕ್ಷಣ ಅದನ್ನು ನೋಡಿ, ನನ್ನನ್ನು ನೋಡಿದರು. "ಇದನ್ನ ಅವತ್ತೇ ಯಾಕ ಹೇಳ್ಲಿಲ್ರಿ ಶಿವಕುಮಾರ್? ಹೇಳಿದ್ರೆ ಎಡಗೈನೇ ಮಾಡ್ತಿದ್ರು. ಅವರಿಗೆ ಯಾವ ಕೈ ಆದ್ರೂ ಒಂದೇ."

ಇಪ್ಪತ್ತೆಂಟು ವರ್ಷದಲ್ಲಿ ಡಾಕ್ಟರ ಪ್ರಶ್ನೆಗೆ ನಾನು ಉತ್ತರ ಕೊಡದೆ ಕೂತದ್ದು ಅದೇ ಮೊದಲು. ಹೊರಗೆ ಪುಸ್ತಕದಲ್ಲಿ ರುಜು ಹಾಕಬೇಕಿತ್ತು. ಭಾವ ಪೆನ್ನು ತೆಗೆದುಕೊಂಡು ತಮ್ಮ ಹೆಸರು ಬರೆದರು. ಕೌಂಟರಿನ ಹುಡುಗಿ ಎಷ್ಟು ಚಂದ ಬರೀತೀರಿ ಅಂಕಲ್ ಎಂದಳು.

ಆಟೋದಲ್ಲಿ ನಿಟ್ಟುವಳ್ಳಿಗೆ ಹೊರಟೆವು. ಮಧ್ಯಾಹ್ನದ ಬಿಸಿಲು, ಸಿಗ್ನಲ್ಲಿನಲ್ಲಿ ಬೈಕುಗಳ ಹಾರನ್ನು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಆ ಮಾತು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ಹೇಗೆ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಬೈಯ್ರಿ ಭಾವ, ಒಂದೇಟು ಹೊಡೀರಿ ಎನ್ನೋಣವೆಂದುಕೊಂಡೆ. ಅದೂ ಬಾಯಿಗೆ ಬರಲಿಲ್ಲ. 

ಕೊನೆಗೆ, ಒಂಬತ್ತು ತಿಂಗಳ ಹಿಂದೆ ಕೇಳಬೇಕಾಗಿದ್ದನ್ನು ಆಟೋದ ಸದ್ದಿನಲ್ಲಿ ಕೇಳಿದೆ. "ಭಾವ, ಅವತ್ತು ಬೆಂಗ್ಳೂರಾಗ ನಾನು ನಿಮ್ಮನ್ನ ಕೇಳಿದ್ರೆ, ಯಾವ ಕೈ ಅಂತಿದ್ರಿ?"

ಭಾವ ರಸ್ತೆ ನೋಡುತ್ತಿದ್ದರು. "ಅಷ್ಟು ಮಂದಿ ಮುಂದ ನಾನೇನು ಬಾಯಿ ಬಿಡ್ತಿದ್ದೆ ಬಿಡು. ನೀ ಕೇಳಿದ್ರೂ ಬಲಗೈನೇ ಅಂತಿದ್ನೇನೋ," ಎಂದರು. ನನ್ನ ಸಮಾಧಾನಕ್ಕೆ ಹೇಳಿದರು. ಅಳತೆಯಲ್ಲಿ ಕೂದಲೆಳೆ ಸುಳ್ಳು ಹೇಳದ ಮನುಷ್ಯ ನನ್ನ ಸಲುವಾಗಿ ಸುಳ್ಳು ಹೇಳಿದರು. ಅದು ನನಗೂ ಗೊತ್ತಾಯಿತು, ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

ಆಟೋ ತಿರುವಿನಲ್ಲಿ ಜರುಗಿದಾಗ ಅವರ ಶಲ್ಯ ಸರಿಯಿತು. ಹಿಡಿಕೆಗೆಂದು ಚಾಚಿದ ಎಡಗೈ ಗಾಳಿಯಲ್ಲಿ ನಡುಗತೊಡಗಿತು. ಯಾವತ್ತಿನ ಹಾಗೆ ಮುಚ್ಚಿಡದೆ ಅದನ್ನು ಮಡಿಲಿನ ಮೇಲೆ ತಂದು ಅಂಗೈ ಬಿಚ್ಚಿ ಹಿಡಿದರು. ನಿಲ್ಲಲಿಲ್ಲ. ಬಲಗೈಯಿಂದ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಎಡಗೈ ಆಗಲೂ ನಿಲ್ಲಲಿಲ್ಲ. ಹಿಡಿದ ಬಲಗೈಯೂ ಅದರೊಂದಿಗೆ ಸೇರಿ ನಡುಗಿತು. ಮನೆ ಬರುವವರೆಗೂ ಅವರು ಕೈ ಬಿಡಲಿಲ್ಲ, ನಾನು ನೋಡುತ್ತಾ ಕೂತಿದ್ದೆ.